ಹವಾಮಾನ ಹೇಳುವ ಗಾರ್ಡಿ, ಬೈಯುವ ಪ್ರೊಫೆಸರ್

ಈ ವಾರ ಒಂದು ಹಳೇ ಅಮೆರಿಕನ್ ಕಾಮಿಡಿ ಸೀರಿಯಲ್ ನೋಡ್ತಾ ಕೂತಿದ್ದೆ. 'ದಿ ಮೇರಿ ಟೈಲರ್ ಮೂರ್ ಶೋ'. 1970ರಿಂದ 1977ರವರೆಗೆ ಸಿಬಿಎಸ್ ಚಾನೆಲ್ಲಿನಲ್ಲಿ ಬಂದದ್ದು. ಮಿನಿಯಾಪೊಲಿಸ್ ನಗರದ ಡಬ್ಲ್ಯುಜೆಎಂ ಅನ್ನೋ ಕಾಲ್ಪನಿಕ ಟಿವಿ ಸ್ಟೇಷನ್ನಿನ ಸುದ್ದಿಮನೆಯ ಕತೆ. ಸುದ್ದಿ ಓದುವ ಟೆಡ್ ಬ್ಯಾಕ್ಸ್ಟರ್‌ಗೆ ಕಂಠ ಚೆನ್ನಾಗಿದೆ, ತಲೆ ಖಾಲಿ.

ಕೊನೇ ಸೀಸನ್ನಿನಲ್ಲಿ 'ದಿ ಕ್ರಿಟಿಕ್' ಅಂತ ಒಂದು ಎಪಿಸೋಡ್ ಇದೆ. ರೇಟಿಂಗ್ ಏರಿಸೋಕೆ ಸ್ಟೇಷನ್ನಿನವರು ಕಾರ್ಲ್ ಹೆಲ್ಲರ್ ಅನ್ನೋ ಪಂಡಿತನನ್ನು ಕರೆತಂದು ಸುದ್ದಿಯ ಜೊತೆ ಕೂರಿಸ್ತಾರೆ. ಎರಿಕ್ ಬ್ರೇಡನ್ ಮಾಡಿರೋ ಪಾತ್ರ. ಆಸಾಮಿ ಬಾಯಿ ತೆಗೆದ್ರೆ ತಿರಸ್ಕಾರ. ಊರಿನ ಅಭಿರುಚಿಯನ್ನೂ ಬಿಡಲ್ಲ, ಪಕ್ಕದಲ್ಲಿ ಕೂತವರನ್ನೂ ಬಿಡಲ್ಲ. ನಾನೂ ಹೊಟ್ಟೆ ತುಂಬ ನಕ್ಕೆ.

ಆಮೇಲೆ ಗಾರ್ಡಿ ನೆನಪಾದ.

ಗಾರ್ಡಿ ಹೊವರ್ಡ್ ಅದೇ ಸ್ಟೇಷನ್ನಿನಲ್ಲಿ ಹವಾಮಾನ ವರದಿ ಹೇಳ್ತಿದ್ದ ಕಪ್ಪು ಮನುಷ್ಯ. ಮೊದಲ ಸೀಸನ್ನುಗಳಲ್ಲಿ ಬರ್ತಾನೆ. ಅವನ ಸುತ್ತ ಒಂದು ಜೋಕ್ ಮತ್ತೆ ಮತ್ತೆ ಬರುತ್ತೆ: ನೋಡಿದವರೆಲ್ಲ ಅವನನ್ನ ಸ್ಪೋರ್ಟ್ಸ್ ನ್ಯೂಸ್ ಹೇಳುವವನು ಅಂದ್ಕೋತಾರೆ. ಕಪ್ಪಗಿದ್ದಾನೆ, ಗಟ್ಟಿಮುಟ್ಟಾಗಿದ್ದಾನೆ, ಇನ್ನೇನು ಹೇಳಕ್ಕಾಗುತ್ತೆ? ಮೋಡ, ಮಳೆ, ಗಾಳಿ ಇವನಿಗೆ ಹೇಗೆ ಗೊತ್ತಿರುತ್ತೆ? ಬರೆದವರು ಆ ಜನರನ್ನೇ ಗೇಲಿ ಮಾಡಿದ್ದು, ಅದು ನಿಜ. ಆದ್ರೂ ನನಗೆ ನಗು ಬರಲಿಲ್ಲ.

ಗಾರ್ಡಿ ಪಾತ್ರ ಮಾಡಿದ್ದು ಜಾನ್ ಏಮಸ್. ಆತ 1974ರಿಂದ 'ಗುಡ್ ಟೈಮ್ಸ್' ಅನ್ನೋ ಕಪ್ಪು ಕುಟುಂಬದ ಕಾಮಿಡಿಯಲ್ಲಿ ಅಪ್ಪನಾದ. ನಮ್ಮ ಜನರನ್ನ ಯಾಕೆ ಕೋಡಂಗಿಗಳ ಥರ ತೋರಿಸ್ತೀರಿ ಅಂತ ಸ್ಕ್ರಿಪ್ಟ್ ಬಗ್ಗೆ ತಕರಾರು ತೆಗೆದ. 1976ರಲ್ಲಿ ಅವನನ್ನ ತೆಗೆದುಹಾಕಿದ್ರು. ಕತೆಯಲ್ಲಿ ಆ ಅಪ್ಪನನ್ನು ಕಾರ್ ಅಪಘಾತದಲ್ಲಿ ಸಾಯಿಸಿಬಿಟ್ರು.

ನೋಡಿ ವ್ಯತ್ಯಾಸ. ಹೆಲ್ಲರ್ ಬೈದ್ರೆ ವಿದ್ವತ್ತು. ಏಮಸ್ ಪ್ರಶ್ನೆ ಕೇಳಿದ್ರೆ ಕಿರಿಕಿರಿ. ಒಂದು ಕತೆ, ಒಂದು ಬದುಕು, ಗೊತ್ತು. ಆದ್ರೆ ಲೆಕ್ಕ ಒಂದೇ.

ಈ ಲೆಕ್ಕ ನಂಗೆ ಗೊತ್ತಿರೋದು ಹೀಗೆ. ಒಂದು ಚಾನೆಲ್ ಚರ್ಚೆಗೆ ಹೋಗಿದ್ದೆ. ನಾಲ್ಕು ಜನ ಕೂತಿದ್ವಿ. ಮೂವರ ಹೆಸರಿನ ಕೆಳಗೆ 'ರಾಜಕೀಯ ವಿಶ್ಲೇಷಕರು', 'ಹಿರಿಯ ವಕೀಲರು', 'ಚಿಂತಕರು'. ನನ್ನ ಹೆಸರಿನ ಕೆಳಗೆ 'ದಲಿತ ಮುಖಂಡ'. ಪಕ್ಕದವರು ಮೇಜು ಕುಟ್ಟಿ ಕೂಗಿದಾಗ ಆ್ಯಂಕರ್ ನಕ್ಕರು. ನಾನು ಒಮ್ಮೆ ದನಿ ಏರಿಸಿದ್ದಕ್ಕೆ, "ಸಾರ್, ದಯವಿಟ್ಟು ಭಾವುಕರಾಗಬೇಡಿ" ಅಂದ್ರು. ಅವತ್ತು ಮನೆಗೆ ಬಂದು ಯಾರ ಹತ್ರಾನೂ ಮಾತಾಡಲಿಲ್ಲ.

ನನ್ನ ಗೆಳೆಯನೊಬ್ಬ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡ್ತಾನೆ. ಬಜೆಟ್ ದಿನ ಅವನ ಫೋನ್ ಸುಮ್ಮನಿರುತ್ತೆ. ಏಪ್ರಿಲ್ 14 ಬಂದ್ರೆ ಬೆಳಗಿಂದ ರಿಂಗಾಗುತ್ತೆ. ಕರೆಯೋದು ಬಾಬಾಸಾಹೇಬರ ಬಗ್ಗೆ ಮಾತಾಡೋಕೆ. ಆ ಬಾಬಾಸಾಹೇಬರು 1923ರಲ್ಲಿ ರೂಪಾಯಿಯ ಸಮಸ್ಯೆ ಬಗ್ಗೆ ಪುಸ್ತಕ ಬರೆದ ಅರ್ಥಶಾಸ್ತ್ರಜ್ಞ, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಿಂದ ಡಿಎಸ್ಸಿ ಪಡೆದವರು ಅನ್ನೋದು ಕರೆದವರಿಗೆ ನೆನಪೇ ಇರಲ್ಲ. ಅವರನ್ನೂ ಗಾರ್ಡಿ ಮಾಡಿಟ್ಟಿದ್ದೀವಿ.

ಇದಕ್ಕೆ ಸೀರಿಯಲ್ಲಿನಲ್ಲೇ ಒಂದು ಉತ್ತರ ಇದೆ. 1977ರಲ್ಲಿ, ಹೆಲ್ಲರ್ ಬಂದ ಅದೇ ಸೀಸನ್ನಿನಲ್ಲಿ, ಗಾರ್ಡಿ ವಾಪಸ್ ಬರ್ತಾನೆ. ಈಗ ನ್ಯೂಯಾರ್ಕಿನಲ್ಲಿ ಟಿವಿ ಶೋ ನಡೆಸೋ ದೊಡ್ಡ ಹೆಸರು. ಅದೇ ವರ್ಷ 'ರೂಟ್ಸ್'ನಲ್ಲಿ ದೊಡ್ಡವನಾದ ಕುಂಟಾ ಕಿಂಟೆ ಆಗಿ ಏಮಸ್‌ನನ್ನ ಇಡೀ ಅಮೆರಿಕ ನೋಡಿತು.

ಹೋದ ಏಪ್ರಿಲ್‌ನಲ್ಲೂ ಗೆಳೆಯನಿಗೆ ಫೋನ್ ಬಂತಂತೆ. ಅವನು ಹೇಳಿದ್ದಿಷ್ಟು: "ಜಯಂತಿಗೆ ನಮ್ಮ ಕೇರಿಗೆ ಹೋಗ್ತೀನಿ ಸಾರ್, ಅಲ್ಲಿ ಕೆಲಸ ಇದೆ. ಬಜೆಟ್ ದಿನ ಕರೀರಿ, ಬರ್ತೀನಿ."

ಇನ್ನೂ ಕರೆದಿಲ್ಲ. ಅವನು ಮಾತ್ರ ಪ್ರತಿ ವರ್ಷ ಬಜೆಟ್ ಓದಿ, ನೋಟ್ಸ್ ಮಾಡಿ ಇಟ್ಕೊಂಡಿರ್ತಾನೆ.

ಜೈ ಭೀಮ್.