ಇಸ್ಪೀಟಿನ ಮೇಜಿನ ಮುಂದೆ ಒಂದು ಹಗಲು

ಸುದ್ದಿ ಹೇಗೋ ಹೊರಬಿದ್ದಿದೆ. ಮೂವರು ಹಳೆಯ ಶಿಷ್ಯರೂ ಒಬ್ಬ ಷಡ್ಡಕರೂ ದೂರವಾಣಿಯಲ್ಲಿ ಕೇಳಿದ್ದಾಯಿತು: ಮೇಷ್ಟ್ರು ಅಮೆರಿಕಕ್ಕೆ ಹೋಗಿ ಇಸ್ಪೀಟು ಆಡಿದರಂತೆ, ಅದೂ ಸಾವಿರ ಡಾಲರು ಕಟ್ಟಿ, ನಿಜವೇ? ನಿಜ. ಆದದ್ದು 2023ರ ಜೂನ್ ತಿಂಗಳಿನಲ್ಲಿ. ಬಾಯಿಂದ ಬಾಯಿಗೆ ಹೋಗುವಾಗ ಸಾವಿರವು ಹತ್ತು ಸಾವಿರವಾಗುವ ಸಂಭವವಿರುವುದರಿಂದ, ನಡೆದದ್ದನ್ನು ನಾನೇ ಬರೆದಿಡುವುದು ಕ್ಷೇಮವೆಂದು ತೋರಿತು.

ನಮ್ಮ ಮನೆಯಲ್ಲಿ ಇಸ್ಪೀಟು ಎಂಬ ಮಾತನ್ನು ಎತ್ತುವಂತಿರಲಿಲ್ಲ ಎಂಬುದು ನೆಂಟರಿಗೆಲ್ಲ ಗೊತ್ತು. ನನ್ನ ಚಿಕ್ಕಪ್ಪ ಒಂದು ದೀಪಾವಳಿಯ ರಾತ್ರಿ ಜಗಲಿಯ ಮೇಲೆ 'ಒಳಗೆ-ಹೊರಗೆ' ಆಡಲು ಕುಳಿತವರು, ಎರಡು ವರ್ಷಗಳಲ್ಲಿ ಒಂದೂವರೆ ಎಕರೆ ಅಡಿಕೆ ತೋಟವನ್ನು ಕಳೆದು ಎದ್ದರು. ತಪ್ಪದೆ ಅವರ ಬಾಯಲ್ಲಿ ಬರುತ್ತಿದ್ದ ಮಾತು "ಇನ್ನೊಂದೇ ಆಟ" ಎಂಬುದು. ಚಿಕ್ಕಮ್ಮ ಲಾಟೀನು ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದುದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಆ ಆಟದಲ್ಲಿ ಆಡುವವನ ಬುದ್ಧಿಗೆ ಕೆಲಸವೇ ಇಲ್ಲ. ಎಲೆ ಒಳಗೆ ಬೀಳಬೇಕು, ಇಲ್ಲವೇ ಹೊರಗೆ. ಚಿಕ್ಕಪ್ಪನಿಗೆ ಮಾತ್ರ ತಮ್ಮ ಲೆಕ್ಕಾಚಾರದ ಮೇಲೆ ಅಪಾರ ನಂಬಿಕೆ!

ಇಂತಹ ಮನೆಯಿಂದ ಬಂದ ನಾನು ಪೋಕರ್ ಕಲಿತದ್ದು ಕೊರೋನಾದ ದೆಸೆಯಿಂದ. 2020ರ ಮಾರ್ಚಿನಲ್ಲಿ ವಿಮಾನಗಳು ನಿಂತುಹೋದಾಗ ನಾನೂ ನನ್ನಾಕೆಯೂ ಕ್ಯಾಲಿಫೋರ್ನಿಯಾದಲ್ಲಿ ಮಗಳ ಮನೆಯಲ್ಲಿ ಸಿಕ್ಕಿಕೊಂಡೆವು. ಸಂಜೆಗಳು ಸಾಗುತ್ತಿರಲಿಲ್ಲ. ಅಳಿಯಂದಿರು ಕಡಲೆಕಾಳುಗಳನ್ನು ಪಣವಾಗಿಟ್ಟು ಆಟ ಹೇಳಿಕೊಟ್ಟರು. ಪ್ರತಿಯೊಬ್ಬನಿಗೂ ಗುಟ್ಟಾಗಿ ಎರಡು ಎಲೆ. ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದು ಎಲೆ; ಅವು ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಒಂದು ಎಂದು ತೆರೆದುಕೊಳ್ಳುತ್ತವೆ. ಪ್ರತಿ ಹಂತದಲ್ಲಿಯೂ ಪಣ ಏರಿಸಬಹುದು, ಸರಿಗಟ್ಟಬಹುದು, ಎಲೆ ಚೆಲ್ಲಿ ಹೊರಗುಳಿಯಬಹುದು. 52 ಎಲೆಗಳಿಂದ ಎರಡನ್ನು ಆರಿಸುವ ಬಗೆ 1,326 ಎಂದು ನಾನು ಬಾಯಲ್ಲೇ ಹೇಳಿದಾಗ ಅಳಿಯಂದಿರು ನಕ್ಕು, "ಮಾವ, ನೀವು ಈ ಆಟಕ್ಕೇ ಹುಟ್ಟಿದವರು" ಎಂದರು. ಅದು ಹತ್ತನೆಯ ತರಗತಿಯ ಹಲಗೆಯ ಮೇಲೆ ನಾನು ಎಷ್ಟೋ ಸಲ ಬರೆದ ಲೆಕ್ಕ, ಅಷ್ಟೇ.

ಮೂರು ವರ್ಷಗಳ ಬಳಿಕ ಮತ್ತೆ ಹೋದಾಗ ಮಗಳು, "ಅಪ್ಪಯ್ಯ, ನಿಮ್ಮ ಹುಟ್ಟುಹಬ್ಬಕ್ಕೆ ಇದು" ಎಂದು ಒಂದು ಲಕೋಟೆ ಕೊಟ್ಟಳು. ಅದರಲ್ಲಿದ್ದುದು ಸಾವಿರ ಡಾಲರು. ಅಂದಿನ ಲೆಕ್ಕದಲ್ಲಿ ಸುಮಾರು 82,000 ರೂಪಾಯಿ. ಲಾಸ್ ವೇಗಾಸಿನಲ್ಲಿ ನಡೆಯುವ ಪೋಕರ್ ವಿಶ್ವ ಸರಣಿಯಲ್ಲಿ ಐವತ್ತು ದಾಟಿದವರಿಗೆಂದೇ ಒಂದು ಪಂದ್ಯವಿದೆ, ಅದರ ಪ್ರವೇಶ ಶುಲ್ಕ ಇದು. ನನ್ನಾಕೆ ಒಂದು ದಿನ ಮಾತನಾಡಲಿಲ್ಲ. ಎರಡನೆಯ ದಿನ, "ಕಟ್ಟಿದ ಮೇಲೆ ಇನ್ನೂ ಕೇಳುತ್ತಾರೋ?" ಎಂದು ವಿಚಾರಿಸಿದರು. ಈ ಆಟದಲ್ಲಿ ಕೇಳುವುದಿಲ್ಲ. ಕಟ್ಟಿದ್ದಕ್ಕೆ ಬಿಲ್ಲೆಗಳನ್ನು ಕೊಡುತ್ತಾರೆ. ಬಿಲ್ಲೆಗಳಿಗೆ ಹೊರಗೆ ಬೆಲೆಯಿಲ್ಲ. ಮುಗಿದರೆ ಎದ್ದು ಬರಬೇಕು. ತೋಟದ ಪತ್ರ ತಂದಿಡುವ ಅವಕಾಶವೇ ಇಲ್ಲ. ಇದನ್ನು ಕೇಳಿ ಅವರು ಅವಲಕ್ಕಿ ಕಟ್ಟಿಕೊಡಲು ಒಪ್ಪಿದರು.

ಈ ವಿಶ್ವ ಸರಣಿಯನ್ನು 1970ರಲ್ಲಿ ಬೆನ್ನಿ ಬಿನಿಯನ್ ಎಂಬಾತ ಲಾಸ್ ವೇಗಾಸಿನ ತನ್ನ ಹಾರ್ಸ್‌ಶೂ ಜೂಜುಮನೆಯಲ್ಲಿ ಕೆಲವೇ ಆಟಗಾರರನ್ನು ಕೂಡಿಸಿ ಆರಂಭಿಸಿದ. ಮೊದಲ ವರ್ಷ ವಿಜೇತನನ್ನು ಆಟಗಾರರೇ ಮತ ಹಾಕಿ ಆರಿಸಿದರಂತೆ. ಆತ ಜಾನಿ ಮಾಸ್. 2003ರಲ್ಲಿ ಟೆನೆಸಿಯ ಕ್ರಿಸ್ ಮನಿಮೇಕರ್ ಎಂಬ ಲೆಕ್ಕಪತ್ರದ ಗುಮಾಸ್ತ 86 ಡಾಲರಿನ ಒಂದು ಅಂತರ್ಜಾಲ ಪಂದ್ಯದ ಮೂಲಕ ಪ್ರವೇಶ ಪಡೆದು, ಹತ್ತು ಸಾವಿರ ಡಾಲರು ಶುಲ್ಕದ ಮುಖ್ಯ ಪಂದ್ಯವನ್ನೇ ಗೆದ್ದು 25 ಲಕ್ಷ ಡಾಲರು ಪಡೆದ. ಮನಿಮೇಕರ್ ಎಂಬುದು ಆತನ ನಿಜವಾದ ಮನೆತನದ ಹೆಸರು, ನಾನು ಕಟ್ಟಿದ್ದಲ್ಲ. ಅಂದಿನಿಂದ ಜನ ಪ್ರವಾಹವಾಗಿ ಬರತೊಡಗಿದರು. ನಾನು ಆಡಿದ ವರ್ಷದ ಹಿರಿಯರ ಪಂದ್ಯಕ್ಕೆ ಬಂದ ಪ್ರವೇಶಗಳ ಸಂಖ್ಯೆ 8,180.

ನೋಂದಣಿಯ ಕಿಟಕಿಯಲ್ಲಿ ವಯಸ್ಸಿನ ಪುರಾವೆ ಕೇಳಿದರು. ನನ್ನ ತಲೆಯನ್ನು ನೋಡಿದ್ದರೆ ಸಾಕಾಗುತ್ತಿತ್ತು. ಆದರೂ ಪಾಸ್‌ಪೋರ್ಟ್ ತೋರಿಸಿದೆ. ಬೆಳಗಿನ ಹತ್ತಕ್ಕೆ ಆಟ. ಹೊರಗೆ ಮರುಭೂಮಿಯ ಬಿಸಿಲು ಕಾದ ಕಾವಲಿಯಂತೆ. ಒಳಗೆ ಶಾಲು ಹೊದೆಯುವಷ್ಟು ಚಳಿ. ಕಣ್ಣು ಹಾಯಿಸಿದಷ್ಟು ದೂರ ಮೇಜುಗಳು, ಮೇಜಿಗೆ ಒಂಬತ್ತು ಮಂದಿ. ಆಟಗಾರರು ಬೆರಳುಗಳಲ್ಲಿ ಬಿಲ್ಲೆಗಳನ್ನು ಸದಾ ಆಡಿಸುತ್ತಿರುತ್ತಾರೆ. ಸಾವಿರಾರು ಕೈಗಳ ಆ ಸದ್ದು ಮಲೆನಾಡಿನ ಮಳೆಗಾಲದ ರಾತ್ರಿ ಜೀರುಂಡೆಗಳು ಕೂಗಿದ ಹಾಗೆ. ಹತ್ತು ನಿಮಿಷ ಕಿವಿಗೆ ಅದೊಂದೇ ಕೇಳಿಸುತ್ತದೆ, ಆಮೇಲೆ ಕೇಳಿಸುವುದೇ ಇಲ್ಲ.

ನನ್ನ ಮೇಜಿನಲ್ಲಿ ನಿವೃತ್ತ ಅಂಚೆಯವರೊಬ್ಬರು, ನಿವೃತ್ತ ದಾದಿಯೊಬ್ಬರು, ಟೋಪಿ ಹಾಕಿದ ಒಬ್ಬ ರೈತ ಇದ್ದರು. ಉಳಿದವರು ಮಾತು ಕಡಿಮೆ. ದಾದಿ ಮೊದಲು ತಮ್ಮ ಮೊಮ್ಮಕ್ಕಳ ಚಿತ್ರ ತೋರಿಸಿದರು, ಆಮೇಲೆ ನನ್ನ ಬಿಲ್ಲೆಗಳಲ್ಲಿ ಹತ್ತನೆಯ ಒಂದು ಭಾಗವನ್ನು ಗೆದ್ದುಕೊಂಡರು.

ಚಲನಚಿತ್ರಗಳಲ್ಲಿ ತೋರಿಸುವಂತೆ ಇಲ್ಲಿ ನಿಮಿಷಕ್ಕೊಂದು ರೋಮಾಂಚನವಿಲ್ಲ. ದಿನದ ಬಹುಪಾಲು ಎಲೆ ಚೆಲ್ಲುವುದರಲ್ಲೇ ಕಳೆಯುತ್ತದೆ. ಎರಡು ಎಲೆ ಬರುತ್ತವೆ, ಮೂಲೆ ಎತ್ತಿ ನೋಡುವುದು, ಮುಂದಕ್ಕೆ ತಳ್ಳುವುದು. ಅತ್ಯುತ್ತಮವಾದ ಜೋಡಿ ಎಕ್ಕ ಬರುವುದು 221 ಸಲಕ್ಕೆ ಒಮ್ಮೆ. ನನಗೆ ಆ ದಿನ ಬರಲೇ ಇಲ್ಲ. ಹಾಗೆಂದು ಸುಮ್ಮನೆ ಕಾಯುತ್ತ ಕೂರುವಂತೆಯೂ ಇಲ್ಲ. ಪ್ರತಿ ಸುತ್ತಿನಲ್ಲಿಯೂ ಇಬ್ಬರು ಎಲೆ ನೋಡುವ ಮೊದಲೇ ಕಡ್ಡಾಯವಾಗಿ ಪಣ ಇಡಬೇಕು. ಅದಕ್ಕೆ ಬ್ಲೈಂಡ್ ಎನ್ನುತ್ತಾರೆ. ಅದನ್ನು ಕುಳಿತ ಜಾಗದ ಬಾಡಿಗೆ ಎಂದುಕೊಳ್ಳಿ. ಗೊತ್ತಾದ ಹೊತ್ತಿಗೆ ಈ ಬಾಡಿಗೆ ಏರುತ್ತ ಹೋಗುತ್ತದೆ. ಕೈಕಟ್ಟಿ ಕುಳಿತವನನ್ನು ಗಡಿಯಾರವೇ ತಿಂದುಹಾಕುತ್ತದೆ. ಆತುರಪಟ್ಟವನನ್ನು ಪಕ್ಕದವನು ತಿನ್ನುತ್ತಾನೆ. ಈ ಎರಡರ ನಡುವೆ ಕಾಲುದಾರಿ ಹಿಡಿದು ನಡೆಯುವುದೇ ಆ ದಿನದ ಕೆಲಸ.

ವಿರಾಮದ ವಿಷಯ ಹೇಳದಿರುವುದು ಹೇಗೆ? ಐವತ್ತು ದಾಟಿದ ಸಾವಿರಾರು ಮಂದಿಯನ್ನು ಒಂದೇ ಕ್ಷಣದಲ್ಲಿ ಬಿಟ್ಟರೆ ಮೂತ್ರಾಲಯದ ಮುಂದಿನ ಸಾಲು ಎಷ್ಟುದ್ದವಾದೀತೆಂಬುದನ್ನು ನನ್ನ ವಯಸ್ಸಿನವರು ಊಹಿಸಬಲ್ಲರು. ಅವಲಕ್ಕಿಯನ್ನು ಸಾಲಿನಲ್ಲಿ ನಿಂತೇ ತಿಂದೆ. ಅಂಚೆಯವರಿಗೂ ಕೊಟ್ಟೆ. ಒಗ್ಗರಣೆಯ ಕರಿಬೇವನ್ನು ಬದಿಗಿಡಬೇಕೋ ತಿನ್ನಬೇಕೋ ಎಂದು ಅವರು ಬಹಳ ಗಂಭೀರವಾಗಿ ಕೇಳಿದರು.

ಮಧ್ಯಾಹ್ನದ ಒಂದು ಆಟವನ್ನು ಶಿಷ್ಯರಿಗೆಂದು ವಿವರವಾಗಿ ಬರೆಯುತ್ತೇನೆ. ನನ್ನ ಕೈಯಲ್ಲಿ ಹತ್ತರ ಜೋಡಿ. ನಡುವೆ ಮೊದಲು ಬಿದ್ದವು ಎಕ್ಕ, ಏಳು, ನಾಲ್ಕು. ಅವುಗಳಲ್ಲಿ ಎರಡು ಆಟಿನ್. ಎದುರಿಗಿದ್ದವರು ಟೋಪಿಯ ರೈತ. ಆತನ ಕೈಯಲ್ಲಿ ಎಕ್ಕವಿದ್ದರೆ ನನ್ನ ಹತ್ತರ ಜೋಡಿಗೆ ಬೆಲೆಯಿಲ್ಲ. ಮುಂದಿನ ಎರಡು ಎಲೆಗಳಲ್ಲಿ ಆಟಿನ್ ಬೀಳಲಿಲ್ಲ. ಕೊನೆಯಲ್ಲಿ ನಡುವೆ 8,000 ಬಿಲ್ಲೆ ಇದ್ದಾಗ ಆತ 4,000 ಇಟ್ಟರು. ಲೆಕ್ಕ ನೋಡಿ: ನಾನು 4,000 ಕೊಟ್ಟು ಗೆದ್ದರೆ 12,000 ಬರುತ್ತದೆ. ಮೂರು ಸಲ ಸೋತು ಒಂದು ಸಲ ಗೆದ್ದರೂ ಸಮ. ಅಂದರೆ ಆತ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಸಲ ಸುಳ್ಳು ಪಣ ಇಡುವವರಾಗಿದ್ದರೆ ಸರಿಗಟ್ಟುವುದೇ ನ್ಯಾಯ. ಆದರೆ ಆ 'ಆಗಿದ್ದರೆ' ಎಂಬುದನ್ನು ಯಾವ ಸೂತ್ರದಿಂದ ತಿಳಿಯುವುದು?

ನಾನು ಮೂವತ್ತೈದು ವರ್ಷ ಪರೀಕ್ಷಾ ಕೊಠಡಿಗಳಲ್ಲಿ ನಿಂತವನು. ಉತ್ತರ ತಿಳಿದ ಹುಡುಗ ಕಾಗದವನ್ನು ನೋಡುತ್ತಾನೆ. ತೊಡೆಯ ಕೆಳಗೆ ಚೀಟಿ ಇಟ್ಟವನು ಮೇಷ್ಟ್ರನ್ನು ನೋಡುತ್ತಾನೆ, ಅದೂ ಅತ್ಯಂತ ನೆಮ್ಮದಿಯ ಮುಖ ಮಾಡಿಕೊಂಡು. ರೈತರು ಬಿಲ್ಲೆ ಇಟ್ಟವರೇ ಎಲೆಗಳನ್ನು ಮರೆತು ನನ್ನನ್ನು ನೋಡತೊಡಗಿದರು, ಬಲು ನೆಮ್ಮದಿಯಾಗಿ. ಯಾರೆಂದು ಹೇಳುವುದಿಲ್ಲ, ಓದುವವರಿಗೆ ತಿಳಿದೀತು: 1994ರ ತಂಡದ ಹಿಂದಿನ ಬೆಂಚಿನ ಒಂದು ಮುಖ ಹಾಗೆಯೇ ಎದ್ದು ಬಂತು. ನಾನು 4,000 ಮುಂದಿಟ್ಟೆ. ಅವರು ನಕ್ಕು ಎಲೆ ತೆರೆದರು. ಮೂರನೆಯ ಆಟಿನ್ ಬಾರದೆ ಹಾಳಾದ ಎರಡು ಆಟಿನ್ ಎಲೆಗಳು. "ನೀವೇನು ಪೊಲೀಸರೇ?" ಎಂದರು. ಮೇಷ್ಟ್ರು ಎಂದೆ. "ಅದಕ್ಕಿಂತ ಕಷ್ಟ," ಎಂದರು.

ಸಂಜೆಯ ಹೊತ್ತಿಗೆ ಹಲವು ಮೇಜುಗಳು ಖಾಲಿಯಾಗಿದ್ದವು. ಬಹುಮಾನ ಸಿಗಬೇಕಾದರೆ ಹೆಚ್ಚುಕಡಿಮೆ ಏಳರಲ್ಲಿ ಒಬ್ಬನಾಗಿ ಉಳಿಯಬೇಕು. ಎಂಟು ಗಂಟೆ ದಾಟಿತ್ತು. ಬಾಡಿಗೆ ಏರಿ ಏರಿ ನನ್ನ ರಾಶಿ ಕರಗಿತ್ತು. ಆಗ ಎಲೆಯ ಮೂಲೆ ಎತ್ತಿದರೆ ಒಬ್ಬ ರಾಜ, ಅವನ ಹಿಂದೆ ಇನ್ನೊಬ್ಬ ರಾಜ. ಪಣ ಏರಿಸಿದೆ. ದಾದಿ ತಮ್ಮ ಬಿಲ್ಲೆಗಳನ್ನೆಲ್ಲ ಮುಂದಕ್ಕೆ ತಳ್ಳಿದರು. ಅವರ ಬಳಿ ನನಗಿಂತ ತುಸು ಹೆಚ್ಚಿತ್ತು. ನಾನು ಯೋಚಿಸಲೂ ಇಲ್ಲ, ಯೋಚಿಸಬೇಕಾಗಿಯೂ ಇರಲಿಲ್ಲ. ಹೀಗೆ ಸರ್ವಸ್ವವನ್ನೂ ಇಟ್ಟಾಗ ಎಲೆಗಳನ್ನು ತೆರೆದಿಡಬೇಕೆಂಬುದು ನಿಯಮ. ಅವರದು ಗುಲಾಮರ ಜೋಡಿ. ಐದರಲ್ಲಿ ನಾಲ್ಕು ಸಲ ನಾನು ಗೆಲ್ಲುವ ಸ್ಥಿತಿ. ಎಂಟು, ಮೂರು, ಐದು ಬಿದ್ದವು. ನಾಲ್ಕನೆಯದು ಎರಡು. ಕಾಣದ ಎಲೆ 44, ಅದರಲ್ಲಿ ಅವರನ್ನು ಉಳಿಸಬಲ್ಲವು ಎರಡೇ ಗುಲಾಮ. 22ರಲ್ಲಿ ಒಂದು.

ಬಂದದ್ದು ಗುಲಾಮ, ಕ್ಲಾವರ್.

ದಾದಿ ಎದ್ದು ಬಂದು ನನ್ನ ಕೈ ಹಿಡಿದುಕೊಂಡು ಕ್ಷಮಿಸಿ ಎಂದರು. ಅವರ ತಪ್ಪೂ ಇರಲಿಲ್ಲ, ನನ್ನ ತಪ್ಪೂ ಇರಲಿಲ್ಲ. ಅದೇ ನನಗೆ ವಿಚಿತ್ರವಾಗಿ ಕಂಡಿತು. ನನ್ನ ವಿಷಯದಲ್ಲಿ ಹೆಜ್ಜೆಗಳು ಸರಿಯಿದ್ದರೆ ಉತ್ತರ ಸರಿ ಬರಲೇಬೇಕು. ಉತ್ತರ ತಪ್ಪಾಗಿದ್ದರೆ ಯಾವುದೋ ಒಂದು ಹೆಜ್ಜೆ ತಪ್ಪಿರುತ್ತದೆ, ಹುಡುಕಿದರೆ ಸಿಗುತ್ತದೆ. ಇಲ್ಲಿ ಹುಡುಕಿ ಪ್ರಯೋಜನವಿಲ್ಲ. ನಾಳೆ ಅದೇ ಎಲೆ ಬಂದರೆ ಅದನ್ನೇ ಮಾಡಬೇಕು. ಸಂಭವನೀಯತೆಯ ಪಾಠವನ್ನು ನಾಣ್ಯ ಚಿಮ್ಮಿಸಿ ಎಷ್ಟೋ ವರ್ಷ ಕಲಿಸಿದ್ದೇನೆ. ಆದರೆ ಐದರಲ್ಲಿ ಒಂದರ ಪಾಲಿಗೆ ಸಿಕ್ಕಿದವನಾಗಿ ಮೇಜಿನಿಂದ ಎದ್ದದ್ದು ಅದೇ ಮೊದಲು. ಆ ಉದ್ದನೆಯ ಸಭಾಂಗಣವನ್ನು ದಾಟುವಾಗ, ಪರೀಕ್ಷೆಯ ಹಿಂದಿನ ರಾತ್ರಿ ಜ್ವರ ಬಂದು ಮಲಗಿದ ನಮ್ಮ ಶಾಲೆಯ ಒಬ್ಬ ಜಾಣ ಹುಡುಗ ನೆನಪಾದ. ಫಲಿತಾಂಶದ ದಿನ ಅಧ್ಯಾಪಕರ ಕೊಠಡಿಯಲ್ಲಿ ಯಾರೋ, "ಇನ್ನೂ ಓದಬೇಕಿತ್ತು" ಎಂದಿದ್ದರು. ಇನ್ನೇನು ಓದಬೇಕಿತ್ತು ಅವನು?

ಪಂದ್ಯವನ್ನು ಕೊನೆಗೆ ಗೆದ್ದವರು ಕೆನಡಾದ ಲಾನಿ ಹ್ಯಾಲೆಟ್ ಎಂಬವರು, ಬಹುಮಾನ 7,65,731 ಡಾಲರು. ನನ್ನ ಗಳಿಕೆ ಸೊನ್ನೆ.

ಇದನ್ನು ಓದಿ ಯಾರಾದರೂ ಮೊಬೈಲಿನಲ್ಲಿ ರಮ್ಮಿ ಆಡಲು ಮೇಷ್ಟ್ರ ಅಪ್ಪಣೆಯಾಯಿತೆಂದು ಭಾವಿಸಬಾರದು. ನಡುರಾತ್ರಿ ಹಾಸಿಗೆಯಲ್ಲಿ ಮಲಗಿ, ಸಂಬಳ ಕರಗುವವರೆಗೆ ಬೆರಳು ಒತ್ತುವ ಆಟ ಚಿಕ್ಕಪ್ಪನ ಜಗಲಿಗೇ ಸೇರಿದ್ದು. ಲಾಟೀನು ಹಿಡಿದು ಬಾಗಿಲಲ್ಲಿ ನಿಲ್ಲಲು ಅಲ್ಲಿ ಚಿಕ್ಕಮ್ಮ ಕೂಡ ಇಲ್ಲ. ಹಣ ಇಟ್ಟು ಆಡುವ ಅಂತರ್ಜಾಲದ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಜಾಣ್ಮೆಯ ಆಟವೋ ಅದೃಷ್ಟದ ಆಟವೋ ಎಂಬ ವಾದವನ್ನು ವಕೀಲರು ಮಾಡಲಿ. ನನ್ನ ಮಟ್ಟಿಗೆ, ಎಷ್ಟು ಕಳೆಯಬಹುದೆಂಬುದು ಕುಳಿತುಕೊಳ್ಳುವ ಮೊದಲೇ ತಿಳಿದಿದೆಯೋ ಇಲ್ಲವೋ ಎಂಬುದೇ ದೊಡ್ಡ ಪ್ರಶ್ನೆ.

ಆ ರಾತ್ರಿ ಅಳಿಯಂದಿರು ನನ್ನ ಮುಖ ನೋಡಿ ಮರುಕಪಟ್ಟು, "ಮಾವ, ನಾಳೆ ಬೆಳಿಗ್ಗೆ ಇನ್ನೊಂದು ಪಂದ್ಯವಿದೆ. ನಾನು ಕಟ್ಟುತ್ತೇನೆ, ಇನ್ನೊಂದೇ ಆಟ ಆಡಿಬಿಡಿ" ಎಂದರು. ಅವರಿಗೆ ಚಿಕ್ಕಪ್ಪನ ಕಥೆ ಗೊತ್ತಿರಲಿಲ್ಲ. ನಿಜ ಹೇಳುವುದಾದರೆ ನನಗೆ ಆಸೆಯಿತ್ತು. ಬೆರಳುಗಳು ಬಿಲ್ಲೆಗಳಿಗಾಗಿ ತಡಕಾಡುತ್ತಿದ್ದವು. ಬೇಡ ಎಂದೆ. ಬೆಳಿಗ್ಗೆ ಕಾಫಿ ಕುಡಿದು ಮರುಭೂಮಿಯ ದಾರಿಯಲ್ಲಿ ಹೊರಟೆವು. ಅರ್ಧ ದಾರಿಯಲ್ಲಿ ಅವರಿಗೆ ತೋಟದ ಕಥೆ ಹೇಳಿದೆ. ಅಳಿಯಂದಿರು ಬಹಳ ಹೊತ್ತು ಸುಮ್ಮನೆ ಕಾರು ನಡೆಸಿದರು.

ಮನೆ ತಲುಪಿದಾಗ ನನ್ನಾಕೆ ಸೋಲು ಗೆಲುವಿನ ಮಾತೆತ್ತಲಿಲ್ಲ. "ಡಬ್ಬಿ ತಂದಿರೋ, ಅಲ್ಲೇ ಬಿಟ್ಟು ಬಂದಿರೋ?" ಎಂದಷ್ಟೇ ಕೇಳಿದರು. ತಂದಿದ್ದೆ.