ತೆಗೆದಿಡುವುದು, ನೋಡಿಕೊಳ್ಳುವುದು

ಆಂಗ್ಲ ಭಾಷೆಯ ‘ಕೀಪ್’ ಎಂಬ ಕ್ರಿಯಾಪದವು ಉಚ್ಚಾರದಲ್ಲಿ ಎಷ್ಟು ಚಿಕ್ಕದೋ ವ್ಯವಹಾರದಲ್ಲಿ ಅಷ್ಟೇ ವಿಶಾಲವಾದುದು. ಕೊಟ್ಟ ಮಾತು, ಅಂಗಡಿಯ ಲೆಕ್ಕ, ಹಟ್ಟಿಯ ಕುರಿ, ಸ್ನೇಹಿತನ ಗುಟ್ಟು ಇವೆಲ್ಲವನ್ನೂ ಇಂಗ್ಲಿಷಿನವರು ಈ ಒಂದೇ ಪದದಿಂದ ನಿರ್ವಹಿಸುತ್ತಾರೆ. ಹಾಲು ಕೆಡದೆ ನಿಂತರೂ ಅದೇ ಪದ. ‘ಸುಮ್ಮನಿರಿ’ ಎಂದು ಮಕ್ಕಳನ್ನು ಗದರಿಸುವಾಗಲೂ ಅದೇ ಪದ. ಇಂಗ್ಲಿಷ್ ಬೋಧನೆಯಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದ ನಾನು ಕಪ್ಪುಹಲಗೆಯ ಮೇಲೆ ಇದನ್ನು ಬರೆದು ಕನ್ನಡದ ಅರ್ಥ ಹೇಳಹೊರಟಾಗಲೆಲ್ಲ ಒಂದು ಮಾತು ಸಾಲುತ್ತಿರಲಿಲ್ಲ. ಏಕೆ ಸಾಲದು ಎಂಬ ವಿಚಾರವನ್ನೇ ಈ ಸ್ಮರಣ ಸಂಚಿಕೆಯ ವಾಚಕರಲ್ಲಿ ನಿವೇದಿಸಬಯಸುತ್ತೇನೆ.

ಈ ಪದದ ಪೂರ್ವಚರಿತ್ರೆ ಸ್ವಾರಸ್ಯಕರವಾಗಿದೆ. ಹಳೆಯ ಇಂಗ್ಲಿಷಿನಲ್ಲಿ ಇದರ ರೂಪ ‘ಕೇಪನ್’. ಗಮನವಿಟ್ಟು ನೋಡು, ಎದುರುನೋಡು, ಹಿಡಿ ಎಂಬವು ಅದರ ಅರ್ಥಗಳು. ಬಳಿಯಲ್ಲಿ ಇಟ್ಟುಕೊಳ್ಳುವ ಅರ್ಥವು ತರುವಾಯ ಬಲಿಯಿತು. ನಮ್ಮ ‘ಕಾಯು’ ಧಾತುವಿನ ಸಂಗತಿಯೂ ಇಂಥದೇ. ಬಸ್ಸಿಗಾಗಿ ಕಾಯುತ್ತೇವೆ, ಬೆಳೆಯನ್ನೂ ಕಾಯುತ್ತೇವೆ. ಕಣ್ಣಿಟ್ಟು ನೋಡದವನು ಏನನ್ನೂ ಕಾಪಾಡಲಾರನೆಂಬ ತಿಳಿವಳಿಕೆ ಎರಡು ಭಾಷೆಗಳಿಗೂ ತಮ್ಮ ತಮ್ಮ ನೆಲದಲ್ಲಿಯೇ ದೊರಕಿದೆ. ಇದರ ಸಮಾನಾರ್ಥಕಗಳಲ್ಲಿ ಹಲವು ಲ್ಯಾಟಿನ್ ಮೂಲದವು. ‘ರಿಟೇನ್’ ಎಂದರೆ ಹಿಂದಕ್ಕೆ ಹಿಡಿದಿರುವುದು. ‘ಮೇನ್‌ಟೇನ್’ ಎಂದರೆ ಕೈಯಲ್ಲಿ ಹಿಡಿದಿರುವುದು. ‘ಪ್ರಿಸರ್ವ್’ ಎಂದರೆ ಮುಂಚಿತವಾಗಿಯೇ ಕಾಪಾಡುವುದು. ಪರೀಕ್ಷೆಯಲ್ಲಿ ಒಂದಕ್ಕೆ ಬದಲಾಗಿ ಇನ್ನೊಂದನ್ನು ಬರೆದರೆ ಅಂಕ ದೊರೆಯಬಹುದು. ಆದರೆ ಹಿಂದಕ್ಕೆ ಹಿಡಿಯುವ ಕೈಯೂ ಮುಂದಾಗಿ ಕಾಪಾಡುವ ಕೈಯೂ ಒಂದೇ ಅಲ್ಲ.

ಕನ್ನಡಿಗನಾದರೋ ಪ್ರತಿಯೊಂದು ವಸ್ತುವಿಗೂ ತಕ್ಕ ಕ್ರಿಯೆಯನ್ನು ಹುಡುಕುತ್ತಾನೆ. ಕೊಟ್ಟ ಮಾತನ್ನು ನಡೆಸುತ್ತಾನೆ, ಲೆಕ್ಕವನ್ನು ಇಡುತ್ತಾನೆ, ನೇಮವನ್ನು ಪಾಲಿಸುತ್ತಾನೆ, ಕುರಿಯನ್ನು ಸಾಕುತ್ತಾನೆ, ಮಾನವನ್ನು ಕಾಪಾಡುತ್ತಾನೆ. ಇಷ್ಟೇ ಅಲ್ಲದೆ ಮುಖ್ಯ ಕ್ರಿಯೆಯ ಬೆನ್ನಿಗೆ ‘ಇಡು’ ಅಥವಾ ‘ಕೊಳ್ಳು’ ಎಂಬ ಸಹಾಯಕ ಕ್ರಿಯೆಯನ್ನು ಸೇರಿಸಿ, ಆ ಕೆಲಸ ಯಾರಿಗಾಗಿ ಎಂಬುದನ್ನೂ ಸೂಚಿಸುತ್ತಾನೆ. ‘ಬರೆದುಕೊ’ ಎಂದರೆ ನಿನ್ನ ಉಪಯೋಗಕ್ಕೆಂದು ಬರೆ. ‘ಬರೆದಿಡು’ ಎಂದರೆ ಮುಂದೆ ಬೇಕಾದೀತೆಂದು ಬರೆ. ಒಕ್ಕಲಿಗನ ಮನೆಯಲ್ಲಿ ಈ ಭೇದ ದಿನಬಳಕೆಯ ಸಂಗತಿ. ಹಗೇವಿನಿಂದ ತೆಗೆದುಕೊಂಡ ಜೋಳ ರೊಟ್ಟಿಯಾಗುತ್ತದೆ. ಬೀಜಕ್ಕೆಂದು ತೆಗೆದಿಟ್ಟ ಜೋಳ ಬರುವ ವರ್ಷದ ಬೆಳೆಯಾಗುತ್ತದೆ. ಬರಗಾಲದಲ್ಲಿ ಹಸಿದರೂ ಬೀಜದ ಚೀಲಕ್ಕೆ ಕೈಹಾಕದ ಹಿರಿಯರನ್ನು ನಮ್ಮ ಹಳ್ಳಿಗಳು ಕಂಡಿವೆ.

ನಮ್ಮ ವಚನ ವಾಙ್ಮಯದ ಚರಿತ್ರೆಯೂ ಈ ಭೇದಕ್ಕೆ ನಿದರ್ಶನವಾಗಿದೆ. ಎಷ್ಟೋ ಮನೆ ಮಠಗಳಲ್ಲಿ ತಾಳೆಯೋಲೆಯ ಕಟ್ಟುಗಳು ಜಗಲಿಯ ಮೇಲೆ ವಿಭೂತಿ ಪತ್ರಿಗಳೊಡನೆ ಪೂಜೆಗೊಳ್ಳುತ್ತಿದ್ದವು. ಭಕ್ತಿಯಿಂದ ಇಟ್ಟುಕೊಂಡವರು ಇಲ್ಲದಿದ್ದರೆ ಅವು ಉಳಿಯುತ್ತಲೇ ಇರಲಿಲ್ಲವೆಂಬುದು ನಿಜ. ಆದರೆ ಡಾ. ಫ. ಗು. ಹಳಕಟ್ಟಿಯವರು (1880–1964) ಅವುಗಳನ್ನು ಅರಸಿ, ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರ ಸಾರ’ವನ್ನು ಬೆಳಕಿಗೆ ತಂದು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದ ಬಳಿಕವೇ, ಒಂದೊಂದು ಮನೆಯವರು ಇಟ್ಟುಕೊಂಡದ್ದು ನಾಡಿಗೆಲ್ಲ ತೆಗೆದಿಟ್ಟ ಬೀಜವಾಯಿತು.

ಹಾಗಾದರೆ ‘ಕೊಳ್ಳು’ ಎಂಬುದು ಸ್ವಾರ್ಥದ ಮಾತೇ ಎಂದು ಯಾರಾದರೂ ಕೇಳಬಹುದು. ಇಲ್ಲಿಯೇ ಕನ್ನಡದ ಸೂಕ್ಷ್ಮವಿದೆ. ವಸ್ತುಗಳ ಮಾತು ಬಿಟ್ಟು ಮನುಷ್ಯರ ಮಾತಿಗೆ ಬಂದೊಡನೆ ಈ ಪದ ತನ್ನ ಗುಣವನ್ನೇ ಬದಲಿಸಿಬಿಡುತ್ತದೆ. ‘ಅಜ್ಜಿ ಮಗುವನ್ನು ನೋಡಿದಳು’ ಎಂದರೆ ಕಣ್ಣಿನ ಕೆಲಸ ಮಾತ್ರ. ‘ನೋಡಿಕೊಂಡಳು’ ಎಂದರೆ ರಾತ್ರಿಯ ನಿದ್ರೆ, ಹಗಲಿನ ದುಡಿಮೆ, ಮದ್ದು, ತುತ್ತು ಎಲ್ಲವೂ ಅದರಲ್ಲಿ ಅಡಗಿವೆ. ವಸ್ತುವಿನೊಡನೆ ಸೇರಿದಾಗ ‘ನನಗಾಗಿ’ ಎನ್ನುವ ‘ಕೊಳ್ಳು’, ಮನುಷ್ಯನೊಡನೆ ಸೇರಿದಾಗ ‘ನನ್ನ ಹೊಣೆ’ ಎನ್ನುತ್ತದೆ.

ಶಿಕ್ಷಕರಾದ ನಮಗೆ ಇದು ವ್ಯಾಕರಣದ ವಿಷಯವಾಗಿ ಮಾತ್ರ ಉಳಿಯುವಂತಿಲ್ಲ. ಶಿಕ್ಷಣಶಾಸ್ತ್ರದ ಇಂಗ್ಲಿಷ್ ಗ್ರಂಥಗಳಲ್ಲಿ ‘ರಿಟೆನ್‌ಷನ್’ ಎಂಬ ಪದ ಎರಡು ವಿರುದ್ಧಾರ್ಥಗಳಲ್ಲಿ ಬಳಕೆಯಾಗುತ್ತದೆ. ನಪಾಸಾದ ಮಗುವನ್ನು ಅದೇ ತರಗತಿಯಲ್ಲಿ ಉಳಿಸುವುದು ಒಂದು. ಮಗು ಶಾಲೆ ಬಿಟ್ಟುಹೋಗದಂತೆ ಉಳಿಸಿಕೊಳ್ಳುವುದು ಇನ್ನೊಂದು. ಮೊದಲನೆಯದು ಎರಡನೆಯದಕ್ಕೆ ಎಷ್ಟು ಸಲ ಮುಳುವಾಗಿದೆಯೆಂಬುದನ್ನು ಹಳ್ಳಿಯ ಶಿಕ್ಷಕರೆಲ್ಲರೂ ಬಲ್ಲರು. ಏಪ್ರಿಲ್ ತಿಂಗಳಲ್ಲಿ ಹಿಂದೆ ಉಳಿಸಿದ ಹುಡುಗ ಜೂನ್ ತಿಂಗಳಲ್ಲಿ ಶಾಲೆಗೆ ಬರುವುದಿಲ್ಲ. ಗ್ಯಾರೇಜಿನಲ್ಲಿಯೋ ಕುರಿಯ ಹಿಂಡಿನ ಹಿಂದೆಯೋ ಕಾಣಿಸುತ್ತಾನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯು ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಮಗುವನ್ನು ಹಿಂದೆ ಉಳಿಸುವುದನ್ನೂ ಶಾಲೆಯಿಂದ ಹೊರಹಾಕುವುದನ್ನೂ ಒಂದೇ ವಾಕ್ಯದಲ್ಲಿ ನಿಷೇಧಿಸಿದ್ದು ಸಕಾರಣವಾಗಿಯೇ ಇತ್ತು. ಆದರೆ ಏನನ್ನೂ ಕಲಿಸದೆ ಮುಂದಿನ ತರಗತಿಗೆ ದೂಡುವುದು ಕೂಡ ಉಳಿಸಿಕೊಳ್ಳುವುದಲ್ಲ, ಅದು ಸಾಗಹಾಕುವುದು. 2019ರ ತಿದ್ದುಪಡಿಯು ಐದನೆಯ ಮತ್ತು ಎಂಟನೆಯ ತರಗತಿಗಳಲ್ಲಿ ಪರೀಕ್ಷೆಯನ್ನು ವಿಧಿಸಿ, ಅನುತ್ತೀರ್ಣನಾದ ಮಗುವಿಗೆ ಹೆಚ್ಚಿನ ಬೋಧನೆಯನ್ನೂ ಎರಡು ತಿಂಗಳೊಳಗೆ ಮರುಪರೀಕ್ಷೆಯನ್ನೂ ಕೊಡಬೇಕೆಂದಿತು. ಆಗಲೂ ತೇರ್ಗಡೆಯಾಗದಿದ್ದರೆ ಹಿಂದೆ ಉಳಿಸಬಹುದೇ ಎಂಬ ನಿರ್ಣಯವನ್ನು ಸರ್ಕಾರಗಳಿಗೆ ಬಿಟ್ಟಿತು. ಕಾಯ್ದೆ ಏನೇ ಹೇಳಲಿ, ಮಗುವಿನ ಹಣೆಬರಹ ತೀರ್ಮಾನವಾಗುವುದು ಆ ಎರಡು ತಿಂಗಳಲ್ಲಿ ಅದರ ಪಕ್ಕದಲ್ಲಿ ಯಾರು ಕುಳಿತಿದ್ದರು ಎಂಬುದರ ಮೇಲೆ.

ನಾನು ಈ ಶಾಲೆಗೆ ಸೇರಿದ ಆರಂಭದ ವರ್ಷಗಳಲ್ಲಿ ಗಣಿತದ ಹಿರಿಯ ಗುರುಗಳೊಬ್ಬರಿದ್ದರು. ಫಲಿತಾಂಶದ ಸಭೆಯಲ್ಲಿ ಯಾವುದಾದರೂ ಹುಡುಗನ ವಿಷಯದಲ್ಲಿ ಚರ್ಚೆ ಬೆಳೆದರೆ ಅವರು ವಾದಕ್ಕಿಳಿಯುತ್ತಿರಲಿಲ್ಲ. ‘ಸಂಜೀಕ ನನ್ನ ಕಡೆ ಕಳಸ್ರಿ’ ಎಂದಷ್ಟೇ ಹೇಳುತ್ತಿದ್ದರು. ಪ್ರಸಾದ ನಿಲಯದ ಕಟ್ಟೆಯ ಮೇಲೆ ಪ್ರಾರ್ಥನೆಯ ಗಂಟೆ ಬಾರಿಸುವವರೆಗೂ ಅವರ ಪಾಠ ಸಾಗುತ್ತಿತ್ತು. ಅದಕ್ಕೆ ಸಂಬಳವಿರಲಿಲ್ಲ, ದಾಖಲೆಯೂ ಇರಲಿಲ್ಲ. ಉಳಿಸಿಕೊಳ್ಳುವುದೆಂದರೆ ಏನೆಂಬುದನ್ನು ನಾನು ಅರಿತದ್ದು ಆ ಕಟ್ಟೆಯನ್ನು ದಿನವೂ ದಾಟಿ ಹೋಗುವಾಗ.

‘ಕೀಪ್’ ಎಂಬುದಕ್ಕೆ ಇಂಗ್ಲಿಷಿನಲ್ಲಿ ನಾಮಪದದ ಅರ್ಥವೂ ಒಂದುಂಟು: ಒಬ್ಬನ ಅನ್ನವಸ್ತ್ರದ ಖರ್ಚು. ಅಲ್ಲಿ ಒಬ್ಬನು ತನ್ನ ‘ಕೀಪ್’ ಅನ್ನು ದುಡಿದು ಗಳಿಸಬೇಕೆಂಬುದು ರೂಢಿಯ ಮಾತು. ನಮ್ಮ ಮಠಗಳ ಉಚಿತ ಪ್ರಸಾದ ನಿಲಯಗಳು ಮಕ್ಕಳಿಂದ ಆ ಗಳಿಕೆಯನ್ನು ಕೇಳಲಿಲ್ಲ. ‘ಊಟ ಮಾಡು, ಓದು’ ಎಂದವು. ದಾನಿಗಳು ಕಳುಹಿಸಿದ ಜೋಳದ ಚೀಲ, ಅಕ್ಕಿಯ ಚೀಲಗಳೇ ಅದಕ್ಕೆ ಆಧಾರ. ಶರಣ ಪರಂಪರೆಯ ಆಯ್ದಕ್ಕಿ ಲಕ್ಕಮ್ಮನ ಕಥೆ ನಮಗೆಲ್ಲ ವಿದಿತವೇ ಆಗಿದೆ. ಪತಿ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಾದುದನ್ನು ತಂದ ಸ್ಥಳದಲ್ಲಿಯೇ ಸುರಿದು ಬರುವಂತೆ ಆಕೆ ಹೇಳಿದಳು. ಎಷ್ಟನ್ನು ಇಟ್ಟುಕೊಳ್ಳಬಾರದು ಎಂಬುದನ್ನು ಬಲ್ಲ ಮನೆಯೇ ಹತ್ತು ಜನರನ್ನು ನೋಡಿಕೊಳ್ಳಬಲ್ಲದು. ದಾಸೋಹದ ಲೆಕ್ಕವೂ ಇದೇ.

ನಿಘಂಟು ಒಂದು ಪದಕ್ಕೆ ಹತ್ತು ಅರ್ಥಗಳನ್ನು ಕೊಟ್ಟು ಸುಮ್ಮನಾಗುತ್ತದೆ. ಯಾವುದನ್ನು ಆಯಬೇಕೆಂಬುದು ನಮಗೆ ಬಿಟ್ಟದ್ದು. ಇಂಗ್ಲಿಷಿನವರು ಹಾಜರಿ ಪುಸ್ತಕವನ್ನೂ ‘ಕೀಪ್’ ಮಾಡುತ್ತಾರೆ, ನಾವೂ ಅದನ್ನು ತಪ್ಪದೆ ಇಡುತ್ತೇವೆ. ಜೂನ್ ತಿಂಗಳಲ್ಲಿ ಅದರಲ್ಲಿ ಬರೆದ ಹೆಸರುಗಳೆಲ್ಲ ಮಾರ್ಚ್ ತಿಂಗಳ ಪುಟದಲ್ಲಿಯೂ ಇವೆಯೇ ಎಂದು ಶಿಕ್ಷಕ ಬಂಧುಗಳು ವರ್ಷಕ್ಕೊಮ್ಮೆ ಬೆರಳಿಟ್ಟು ನೋಡಲಿ. ಕಾಣದಿರುವ ಹೆಸರಿನ ಮನೆಯ ದಾರಿಯನ್ನು ಯಾರಾದರೊಬ್ಬರು ಹಿಡಿಯಲಿ ಎಂಬುದು ನನ್ನ ವಿನಮ್ರ ಪ್ರಾರ್ಥನೆ.