ಮತ್ತೋಡಿನ ಒಂದು ತೋಟ

ಹೊಸದುರ್ಗ ತಾಲ್ಲೂಕಿನ ಮತ್ತೋಡು ಹಿಂದೆ ಗಾಜಿನ ಬಳೆಗಳಿಗೆ ಹೆಸರಾದ ಊರು. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಬುಕಾನನ್ ಎಂಬ ವೈದ್ಯನು ಇಲ್ಲಿಯ ಗಾಜಿನ ಕೆಲಸದ ವಿಚಾರವನ್ನು ಬರೆದಿಟ್ಟಿರುವನು. ಆ ಕುಲುಮೆಗಳು ಆರಿ ಎಷ್ಟೋ ಕಾಲವಾಯಿತು. ಇಂದು ಪ್ರಯಾಣಿಕನನ್ನು ಎದುರ್ಗೊಳ್ಳುವುವು ತೆಂಗಿನ ತೋಟಗಳು. ಕಳೆದ ಬೇಸಗೆಯಲ್ಲಿ ನಾವು ಅಲ್ಲಿಗೆ ಹೋದುದು ಶಿಷ್ಯನೊಬ್ಬನ ತೋಟವನ್ನು ನೋಡಲು; ನಿಜ ಹೇಳುವುದಾದರೆ, ಇದೇ ಸೀಮೆಯಲ್ಲಿರುವ ನಮ್ಮ ತೋಟದ ಚಿಂತೆಯನ್ನು ಹೇಳಿಕೊಳ್ಳಲು.

ವೇದಾವತಿಗೆ ಮಾರಿಕಣಿವೆಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರವು 1933ರ ತರುವಾಯ, 89 ವರ್ಷಗಳ ಮೇಲೆ, 2022ರಲ್ಲಿ ಕೋಡಿ ಹರಿದಾಗ ನಾವೂ ಹಿಗ್ಗಿದೆವು. ಇನ್ನು ನೀರಿಗೆ ಕೊರತೆಯಿಲ್ಲವೆಂದು ಬದುವಿನ ಹೊಂಗೆ, ಬೇವುಗಳನ್ನು ಕಡಿಸಿ, ತೆಂಗಿನ ನಡುವೆ ಅಡಕೆ ಸಸಿಗಳನ್ನು ನೆಡಿಸಿದೆವು. ಮರುವರ್ಷವೇ ಅನಾವೃಷ್ಟಿ, 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಸರ್ಕಾರವೇ ಸಾರಿತು. ಅಡಕೆ ಒಣಗಿತು. ಆಮೇಲೆ ಮಳೆ ಬಂದರೂ ತೆಂಗಿನ ಫಲ ಇಳಿಯುತ್ತಲೇ ಹೋಯಿತು. ಮರಗಳನ್ನು ಕಡಿಸಿಬಿಡುವುದೆಂದು ಮನೆಯಲ್ಲಿ ಮಾತಾಗಿದ್ದಿತು.

ಶಿಷ್ಯನು, "ಈಗಲೇ ಕೊಡಲಿ ಎತ್ತಬೇಡಿ, ಮೇಷ್ಟ್ರೇ" ಎಂದು ಒಂದು ಲೆಕ್ಕದ ಪುಸ್ತಕವನ್ನು ಮುಂದಿಟ್ಟನು. ಪ್ರತಿಯೊಂದು ನಕ್ಷತ್ರದ ಮಳೆ, ಬಾವಿಯ ನೀರಿನ ಮಟ್ಟ, ಗುರುತು ಹಾಕಿದ ಹತ್ತು ಮರಗಳು ಬಿಟ್ಟ ಹೊಂಬಾಳೆ, ಉದುರಿದ ಹರಳು, ಎಲ್ಲವೂ ಅದರಲ್ಲಿ ದಾಖಲಾಗಿದ್ದುವು. ತೆಂಗಿನ ಹೊಂಬಾಳೆಯು ಸುಳಿಯೊಳಗೆ ಅಂಕುರಿಸಿದಂದಿನಿಂದ ಹೊರಗೆ ಬಿಚ್ಚಲು ಸುಮಾರು 32 ತಿಂಗಳು, ಕಾಯಿ ಬಲಿಯಲು ಮತ್ತೆ 12 ತಿಂಗಳು ಬೇಕು. ಆದಕಾರಣ ಒಂದು ವರ್ಷದ ಬರದ ಪೆಟ್ಟು ಮೂರು ವರ್ಷಗಳವರೆಗೂ ಕಾಣಿಸುತ್ತಿರುವುದು. ನಾವು ಮರದ ದೋಷವೆಂದುಕೊಂಡುದು ಹಳೆಯ ಬರದ ಬಾಕಿಯಾಗಿದ್ದಿತು!

ಅವನು ಬದುವಿನ ಮರಗಳನ್ನು ಕಡಿದಿರಲಿಲ್ಲ. ಬಿಸಿಗಾಳಿಯನ್ನು ಅವು ತಡೆಯುವುವು. ಹೊಂಗೆಯ ಸೊಪ್ಪು ಗೊಬ್ಬರವಾಗುವುದು. ಪಾತಿಯ ತುಂಬ ಸೋಗೆ, ಕಾಯಿಸಿಪ್ಪೆಗಳನ್ನು ಹೊದಿಸಿ ತೇವವನ್ನು ಕಾದುಕೊಂಡಿದ್ದನು; ಇಳಿಜಾರಿಗೆ ಅಡ್ಡಲಾಗಿ ಗುಂಡಿ ತೋಡಿ ಮಳೆನೀರನ್ನು ಇಂಗಿಸಿದ್ದನು. ಅಡಕೆಯ ಆಸೆಯನ್ನು ಮಾತ್ರ ಬಾವಿಯ ಲೆಕ್ಕ ನೋಡಿ ಬಿಟ್ಟಿದ್ದನು. ಭೂಮಿಯ ಶಾಖವೇರುತ್ತಿರುವ ಈ ದಿನಗಳಲ್ಲಿ ಅತಿವೃಷ್ಟಿ ಅನಾವೃಷ್ಟಿಗಳೆರಡೂ ಹೆಚ್ಚುವುವೆಂದು ವಿಜ್ಞಾನಿಗಳು ಹೇಳುತ್ತಿರುವರು. ತೋಟವುಳ್ಳ ಗೃಹಸ್ಥರಿಗೆ ಪಂಚಾಂಗದೊಡನೆ ಇಂಥದೊಂದು ಪುಸ್ತಕವೂ ಅವಶ್ಯಕ.

ಮೂವತ್ತು ವರ್ಷ ಹುಡುಗರ ಹಾಜರಿ ಹಿಡಿದ ನಾವು ಮರಗಳ ಹಾಜರಿಯನ್ನು ಒಮ್ಮೆಯೂ ಹಿಡಿದವರಲ್ಲ. ಹಿಂದಿರುಗುವಾಗ ಹೊಸದುರ್ಗದಲ್ಲಿ ಒಂದು ಪುಸ್ತಕವನ್ನು ಕೊಂಡೆವು. ಶಿಷ್ಯನು ಕೊಟ್ಟ ಹೊಂಗೆಯ ಬೀಜಗಳು ಚೀಲದಲ್ಲಿದ್ದುವು. ನಮ್ಮ ತೆಂಗಿನ ಮರಗಳು ಇನ್ನೂ ನಿಂತಿರುವುವು.